ಮಗಳಿಗೂ ಒಂದು ಲೋಟ ಟೀ ಬೇಕಂತೆ! ಜೊತೆಗೆ ಮನೆಯಲ್ಲೇ ಏನು ಬೇಕ್ ಮಾಡಬಹುದು?

ಮೈಸೂರು_ಅಮ್ಮ:
ನಮ್ಮ ಮನೆಯಲ್ಲಿ ಸಂಜೆ ನಾಲ್ಕೂವರೆ ಅಂದರೆ ಟೀ ಟೈಮ್. ಅತ್ತೆ, ನಾನು, ರಜೆಯ ದಿನ ಆದರೆ ನಮ್ಮವರೂ ಇರುತ್ತಾರೆ. ಐದು ವರ್ಷದ ಮಗಳು ಒಂದು ತಿಂಗಳಿಂದ ತನ್ನ ಪುಟ್ಟ ಸ್ಟೀಲ್ ಲೋಟ ಹಿಡಿದುಕೊಂಡು ಬಂದು ನಮ್ಮ ಪಕ್ಕದಲ್ಲೇ ಕೂತುಬಿಡುತ್ತಾಳೆ. "ನಂಗೂ ಟೀ." ಹಾಲು ಕೊಟ್ಟರೆ "ಇದು ಬೆಳ್ಳಗಿದೆ, ಟೀ ಅಲ್ಲ" ಅಂತ ವಾಪಸ್ಸು. ಅತ್ತೆ ಮನಸ್ಸು ಕರಗಿ ಹಾಲಿಗೆ ಎರಡು ಚಮಚ ಟೀ ಬಿಟ್ಟು ಕೊಡುತ್ತಾರೆ, ನಾನು ಕಣ್ಣು ಬಿಡುತ್ತೇನೆ, ಅಲ್ಲಿಗೆ ಮಾತು ನಿಲ್ಲುತ್ತದೆ.

ಹೋದ ವಾರ ಒಂದು ಅಂಗಡಿಯಲ್ಲಿ ಹಣ್ಣಿನ ಚಿತ್ರ ಇರುವ ಟೀ ಡಬ್ಬ ನೋಡಿ ತಂದೆ. ಹಣ್ಣಿನದೇ ಅಂದುಕೊಂಡು ಸಂಜೆ ಆರಕ್ಕೆ ಅವಳಿಗೂ ಅರ್ಧ ಲೋಟ ಕೊಟ್ಟೆ. ರಾತ್ರಿ ಹನ್ನೊಂದಾದರೂ ಹಾಸಿಗೆ ಮೇಲೆ ಕುಣಿಯುತ್ತಿದ್ದಳು. ಆಮೇಲೆ ಕನ್ನಡಕ ಹಾಕಿಕೊಂಡು ಡಬ್ಬದ ಹಿಂದೆ ಓದಿದರೆ, ಅದು ಮಾಮೂಲಿ ಟೀ ಪುಡಿಯೇ, ಮೇಲೆ ಹಣ್ಣಿನ ಸುವಾಸನೆ ಹಾಕಿದ್ದಾರೆ ಅಷ್ಟೆ. ತಪ್ಪು ನನ್ನದೇ, ಓದಬೇಕಿತ್ತು.

ಈಗ ಎರಡು ಪ್ರಶ್ನೆ. ಅವಳ ಲೋಟಕ್ಕೆ ಏನು ಹಾಕಿದರೆ ಬಣ್ಣ, ಘಮ ಎಲ್ಲ ಇದ್ದು ನಿದ್ದೆ ಕೆಡುವುದಿಲ್ಲ? ಇನ್ನೊಂದು, ಮದುವೆ ವಾರ್ಷಿಕೋತ್ಸವಕ್ಕೆ ತಂದ ಚಿಕ್ಕ ಓಟಿಜಿ (ಕರೆಂಟಿನ ಓವನ್) ಎರಡು ವರ್ಷದಿಂದ ಪಾತ್ರೆ ಇಡುವ ಸ್ಟ್ಯಾಂಡ್ ಆಗಿದೆ. ಭಾನುವಾರ ಇವಳ ಜೊತೆ ಕೂತು ಟೀಗೆ ಏನಾದರೂ ಮಾಡಬೇಕು ಅಂತ ಆಸೆ. ನನಗೆ ಬೇಕಿಂಗ್ ಬರುವುದಿಲ್ಲ. ಫೋಟೋದಲ್ಲಿ ಚೆಂದ ಕಾಣದಿದ್ದರೂ ಪರವಾಗಿಲ್ಲ, ಅವಳು ಕೈಯಾಡಿಸುವಂಥದ್ದು ಹೇಳಿ.

ಶಿರಸಿ_ಅಜ್ಜಿಮನೆ:
ಅಕ್ಕಾ, ಇದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಬಂದವರಿಗೆ ಮೊದಲು "ಆಸ್ರಿಗೆ ಎಂತ ಬೇಕು" ಅಂತ ಕೇಳುವ ಊರು ನಮ್ಮದು, ಮಕ್ಕಳಿಗೆ ಅಲ್ಲಿ ಟೀ ಅಲ್ಲ, ಕಷಾಯ. ನೋಡಲು ಥೇಟ್ ಟೀ ಬಣ್ಣ. ಕೊತ್ತಂಬರಿ ಬೀಜ ಒಂದು ಕಪ್, ಜೀರಿಗೆ ಅರ್ಧ ಕಪ್, ಬಡೇಸೋಂಪು ಕಾಲು ಕಪ್, ನಾಲ್ಕೈದು ಏಲಕ್ಕಿ, ಅರ್ಧ ಚಮಚ ಮೆಂತೆ, ಒಂದು ಸಣ್ಣ ತುಂಡು ಒಣಶುಂಠಿ. ದೊಡ್ಡವರಿಗಾದರೆ ಒಂದು ಚಮಚ ಕಾಳುಮೆಣಸು, ಮಕ್ಕಳಿಗೆ ಏಳೆಂಟು ಕಾಳು ಸಾಕು. ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಆರಿದ ಮೇಲೆ ಪುಡಿ ಮಾಡಿ ಡಬ್ಬಕ್ಕೆ ಹಾಕಿ. ಒಂದು ಲೋಟ ನೀರಿಗೆ ಮುಕ್ಕಾಲು ಚಮಚ ಪುಡಿ, ಎರಡು ಕುದಿ, ಆಮೇಲೆ ಹಾಲು, ಸೋಸಿ ಕೊಡಿ.

ಒಂದೇ ಕಿವಿಮಾತು. ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಬೇಡಿ, ಒಡೆದುಹೋಗುತ್ತದೆ. ಇಳಿಸಿ, ಸ್ವಲ್ಪ ತಣಿದ ಮೇಲೆ ಹಾಕಿ. ನಾನು ಮದುವೆಯಾದ ಹೊಸದರಲ್ಲಿ ಹತ್ತು ಜನ ನೆಂಟರ ಮುಂದೆ ಇಡೀ ಪಾತ್ರೆ ಒಡೆಸಿದ್ದೆ. ಇವತ್ತಿಗೂ ಮನೆಯಲ್ಲಿ ಹೇಳಿ ನಗುತ್ತಾರೆ.

ಧಾರವಾಡದಾಂವ:
ನಾ ಒಂದು ಮಾತು ಹೇಳ್ತೀನಿ, ಬೈಬ್ಯಾಡ್ರಿ. ನಾವೆಲ್ಲ ಸಣ್ಣವರಿದ್ದಾಗ ಅವ್ವ ಬಸಿಯಾಗ ಚಹಾ ಹಾಕಿ ಕೊಡ್ತಿದ್ಳು, ಅದರಾಗ ಟೋಸ್ಟ್ ಅದ್ದಿ ತಿಂದು ಸಾಲಿಗೆ ಹೋಗ್ತಿದ್ವಿ. ಏನಾಗ್ಯದ ನಮಗ? ಎರಡು ಚಮಚಕ್ಕ ಇಷ್ಟು ಗದ್ದಲ ಯಾಕ್ರಿ? ಅತ್ತೆಯವರು ಪ್ರೀತಿಲೆ ಕೊಡ್ತಾರ, ಕೊಡಲಿ ಬಿಡ್ರಿ.

ಊಟದ_ಲೆಕ್ಕ:
ಧಾರವಾಡದ ಸರ್, ಬೈಯುವುದಿಲ್ಲ. ಆದರೆ ಲೆಕ್ಕ ಹೇಳುತ್ತೇನೆ, ನನ್ನ ಕೆಲಸವೇ ಅದು (ಆಸ್ಪತ್ರೆಯೊಂದರಲ್ಲಿ ಡಯಟಿಷಿಯನ್). ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯ ಪ್ರಕಾರ ಒಂದು ಸರ್ತಿಯ ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ (ನಿದ್ದೆ ಕೆಡಿಸುವ ಅಂಶ) ಇರುತ್ತದೆ. ದೊಡ್ಡವರಿಗೆ ದಿನಕ್ಕೆ 300 ಮಿಲಿಗ್ರಾಂ ಮಿತಿ. ಹದಿನೆಂಟು ಕೆಜಿ ಮಗುವಿಗೆ ಅದೇ ಲೋಟ ಎಷ್ಟು ಜಾಸ್ತಿ ಆಗುತ್ತದೆ ನೀವೇ ಯೋಚಿಸಿ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಐದು ವರ್ಷದೊಳಗೆ ಟೀ ಕಾಫಿ ಬೇಡವೇ ಬೇಡ ಅನ್ನುತ್ತದೆ, ಐದರಿಂದ ಒಂಬತ್ತು ವರ್ಷಕ್ಕೆ ದಿನಕ್ಕೆ ಅರ್ಧ ಕಪ್ ಮೀರಬಾರದು ಅನ್ನುತ್ತದೆ.

ಆದರೆ ನನ್ನ ತಕರಾರು ಕೆಫೀನಿನದ್ದಷ್ಟೇ ಅಲ್ಲ. ಟೀಯಲ್ಲಿರುವ ಟ್ಯಾನಿನ್ ಊಟದ ಕಬ್ಬಿಣದಂಶವನ್ನು ಹಿಡಿದುಕೊಳ್ಳುತ್ತದೆ, ಮೈಗೆ ಸೇರಲು ಬಿಡುವುದಿಲ್ಲ. ಅದಕ್ಕೇ ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಟೀ ಬೇಡ ಅನ್ನುವುದು. ನಮ್ಮಲ್ಲಿ ಎಷ್ಟೊಂದು ಮಕ್ಕಳಿಗೆ ರಕ್ತಹೀನತೆ ಇದೆ, ಸೊಪ್ಪು ರಾಗಿ ಎಲ್ಲ ತಿನ್ನಿಸಿ ಮೇಲೆ ಟೀ ಕುಡಿಸಿದರೆ ಏನು ಬಂತು? ಅಪರೂಪಕ್ಕೆ ಎರಡು ಚಮಚಕ್ಕೆ ಆಕಾಶ ಬೀಳುವುದಿಲ್ಲ ನಿಜ. ದಿನಾ ಅಭ್ಯಾಸ ಆಗದಿರಲಿ ಅಷ್ಟೆ.

ಮೈಸೂರು_ಅಮ್ಮ ಅವರೇ, ಗ್ರೀನ್ ಟೀ ಕೂಡ ಅದೇ ಗಿಡದ್ದು, ಅದರಲ್ಲೂ ಕೆಫೀನ್ ಇದೆ. "ಗ್ರೀನ್ ಅಂದರೆ ಒಳ್ಳೆಯದು" ಅಂತ ಮಕ್ಕಳಿಗೆ ಕೊಡುವವರನ್ನು ನೋಡಿದ್ದೇನೆ.

ಧಾರವಾಡದಾಂವ:
ಒಂದು ತಾಸು ಅಂದ್ರ ಒಂದು ತಾಸು. ಒಪ್ಪಿದೆ. ಆದ್ರ ಬಸಿ ಮಾತ್ರ ಬಿಡಬ್ಯಾಡ್ರಿ, ಕಷಾಯನ ಬಸಿಗೆ ಹಾಕಿ ಕೊಡ್ರಿ. ಹುಡುಗಿಗೆ ಬೇಕಾಗಿದ್ದು ಆ ಠೀವಿ.

ಕರಾವಳಿ_ಕಡಲು:
ನಮ್ಮಲ್ಲಿ ಬಿಸಿ ಸುಲೈಮಾನಿಗೆ (ಹಾಲಿಲ್ಲದ ಟೀ) ಏಲಕ್ಕಿ, ಪುದೀನ, ನಿಂಬೆ ಹಾಕುತ್ತಾರೆ. ಅದರಲ್ಲಿ ಟೀ ಪುಡಿ ಬಿಟ್ಟು ಉಳಿದದ್ದೆಲ್ಲ ಹಾಕಿದರೆ ಮಕ್ಕಳ ಸುಲೈಮಾನಿ ಆಯಿತು! ನನ್ನ ಮಗನಿಗೆ ಹಿತ್ತಲಿನ ಮಜ್ಜಿಗೆಹುಲ್ಲು (ಲೆಮನ್‌ಗ್ರಾಸ್) ಇಷ್ಟ. ಎರಡು ಗರಿ ಗಂಟು ಕಟ್ಟಿ ನೀರಿಗೆ ಹಾಕಿ ಐದು ನಿಮಿಷ ಕುದಿಸಿದರೆ ನಿಂಬೆಯ ಘಮ, ಹುಳಿ ಇಲ್ಲ, ಹಾಲು ಹಾಕಿದರೂ ಒಡೆಯುವುದಿಲ್ಲ. ಗಂಟು ಕಟ್ಟುವ ಕೆಲಸ ಅವನದೇ. ಎಲೆಯ ಅಂಚು ಹರಿತ ಇರುತ್ತದೆ, ಒಂದು ಸಲ ಬೆರಳು ಕೊಯ್ದುಕೊಂಡ, ಈಗ ನಾನು ಕತ್ತರಿಸಿ ಕೊಡುತ್ತೇನೆ. ಬೇಸಿಗೆಯಲ್ಲಾದರೆ ಒಣಗಿದ ಪುನರ್ಪುಳಿ (ಕೋಕಂ) ಸಿಪ್ಪೆ ನೆನೆಹಾಕಿ ಬೆಲ್ಲ, ಚಿಟಿಕೆ ಉಪ್ಪು. ಕೆಂಪಗೆ ಎಷ್ಟು ಚೆಂದ ಗೊತ್ತಾ.

ಬೇಕಿಂಗ್‌ಗೆ ತವಸಳಿ ಮಾಡಿ. ಕೊಂಕಣಿ ಮನೆಗಳ ಸೌತೆಕಾಯಿ ಕೇಕು. ಒಂದು ಕಪ್ ಇಡ್ಲಿ ರವೆ ಸ್ವಲ್ಪ ಹುರಿದುಕೊಳ್ಳಿ, ಒಂದೂವರೆ ಕಪ್ ತುರಿದ ಸೌತೆಕಾಯಿ ನೀರು ಸಮೇತ, ಮುಕ್ಕಾಲು ಕಪ್ ಬೆಲ್ಲ, ಅರ್ಧ ಕಪ್ ತೆಂಗಿನತುರಿ, ಏಲಕ್ಕಿ, ಚಿಟಿಕೆ ಉಪ್ಪು. ಕಲಸಿ ಅರ್ಧ ಗಂಟೆ ಬಿಟ್ಟು ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡಬಹುದು, ಓಟಿಜಿಯಲ್ಲೂ ಆಗುತ್ತದೆ. ಮೊಟ್ಟೆ ಇಲ್ಲ, ಮೈದಾ ಇಲ್ಲ, ಸೋಡಾ ಇಲ್ಲ, ಹಾಗಾಗಿ ಕೆಡುವುದಕ್ಕೂ ಏನೂ ಇಲ್ಲ.

ಒಲೆಮುಂದೆ_ಅಪ್ಪ:
ಕೆಡುವುದಕ್ಕೆ ಏನೂ ಇಲ್ಲ ಅಂತ ಹೇಳಬೇಡಿ ಮೇಡಂ, ನನ್ನ ಕೈಗೆ ಕೊಟ್ಟರೆ ಯಾವುದು ಬೇಕಾದರೂ ಕೆಡುತ್ತದೆ. ಲಾಕ್‌ಡೌನ್ ಟೈಮಲ್ಲಿ ಕುಕ್ಕರ್ ಕೇಕ್ ಮಾಡಲು ಹೋದೆ. ತಳಕ್ಕೆ ಉಪ್ಪು ಹರಡಿದೆ, ಸ್ಟ್ಯಾಂಡ್ ಇಟ್ಟೆ, ವೆಯಿಟ್ ತೆಗೆದೆ, ಗ್ಯಾಸ್ಕೆಟ್ ತೆಗೆಯುವುದು ಮರೆತೆ. ನಲವತ್ತು ನಿಮಿಷ ಆದ ಮೇಲೆ ಚಾಕೊಲೇಟ್ ಕೇಕಿನಿಂದ ಸುಟ್ಟ ಟೈರಿನ ವಾಸನೆ. ಮಗ ಒಂದು ಚೂರು ಬಾಯಿಗಿಟ್ಟು "ಅಪ್ಪಾ ಇದು ಬಸ್ ಥರ ಇದೆ" ಅಂದ. ಕುಕ್ಕರಿನಲ್ಲಿ ಮಾಡುವವರು ಗ್ಯಾಸ್ಕೆಟ್, ವೆಯಿಟ್ ಎರಡೂ ತೆಗೆಯಿರಿ, ನೀರು ಹಾಕಬೇಡಿ, ಹಳೇ ಕುಕ್ಕರೇ ಬಳಸಿ, ಯಾಕಂದರೆ ಒಣಗಿದ್ದಾಗ ಕಾಯಿಸಿದರೆ ಅದರ ಬಾಳಿಕೆ ಹೋಗುತ್ತದೆ. ನಿಮ್ಮಲ್ಲಿ ಓಟಿಜಿ ಇದೆಯಲ್ಲ, ಅದನ್ನೇ ಒರೆಸಿ ತೆಗೆಯಿರಿ.

ಮೊದಲ ಸಲಕ್ಕೆ ನನ್ನ ಓಟು ನಾನ್‌ಖಟಾಯಿಗೆ. ಅರ್ಧ ಕಪ್ ತುಪ್ಪ (ಕರಗಿದ್ದಲ್ಲ, ಗಟ್ಟಿ ಇರಬೇಕು), ಅರ್ಧ ಕಪ್ ಸಕ್ಕರೆ ಪುಡಿ, ಒಂದು ಕಪ್ ಮೈದಾ, ಎರಡು ದೊಡ್ಡ ಚಮಚ ಕಡಲೆಹಿಟ್ಟು, ಒಂದು ಚಮಚ ಚಿರೋಟಿ ರವೆ, ಏಲಕ್ಕಿ ಪುಡಿ, ಚಿಟಿಕೆ ಸೋಡಾ. ತುಪ್ಪ ಸಕ್ಕರೆ ಬೆಳ್ಳಗೆ ಆಗುವವರೆಗೆ ತಿಕ್ಕುವುದು ದೊಡ್ಡವರ ಕೆಲಸ, ಉಂಡೆ ಕಟ್ಟುವುದು ಮಕ್ಕಳದು. ಅವರು ಕಟ್ಟಿದ ಉಂಡೆ ಒಂದು ಗೋಲಿ ಗಾತ್ರ, ಇನ್ನೊಂದು ಕಿತ್ತಳೆ ಗಾತ್ರ ಇರುತ್ತದೆ, ಅದು ಒಂದೇ ಹೊತ್ತಿಗೆ ಬೇಯುವುದಿಲ್ಲ. ನಾನು ಚಿಕ್ಕವನ್ನು ಒಂದು ತಟ್ಟೆಗೆ, ದೊಡ್ಡವನ್ನು ಇನ್ನೊಂದಕ್ಕೆ ಹಾಕಿ ಎರಡು ಸುತ್ತಿನಲ್ಲಿ ಮಾಡುತ್ತೇನೆ. 160 ಡಿಗ್ರಿಯಲ್ಲಿ ಹದಿನೈದು ಹದಿನೆಂಟು ನಿಮಿಷ. ಹೊರಗೆ ತೆಗೆದಾಗ ಮೆತ್ತಗಿರುತ್ತದೆ, ಬೆಂದಿಲ್ಲ ಅಂತ ವಾಪಸ್ ಒಳಗೆ ಇಡಬೇಡಿ. ಆರಿದ ಮೇಲೆ ಗರಿಗರಿ ಆಗುತ್ತದೆ. ರಾಗಿ ಹಾಕಬೇಕು ಅನ್ನಿಸಿದರೆ ಕಾಲು ಭಾಗ ಮಾತ್ರ. ಪೂರ್ತಿ ರಾಗಿ ಹಾಕಿದರೆ ಹಿಡಿತ ಇರಲ್ಲ, ಪುಡಿಪುಡಿ.

ಕೆಮಿಸ್ಟ್ರಿ_ಮೇಷ್ಟ್ರು:
ಮಗುವಿಗೆ ಬಣ್ಣ ಬೇಕು ಅಂದಿರಲ್ಲ. ಶಂಖಪುಷ್ಪದ ಬಳ್ಳಿ ಇದೆಯಾ ಹತ್ತಿರ? ಮೈಸೂರಿನಲ್ಲಿ ಬೇಲಿ ಬೇಲಿಗೂ ಇರುತ್ತದೆ. ನೀಲಿ ಹೂವು ನಾಲ್ಕೈದು ತೊಳೆದು, ಹಿಂದಿನ ಹಸಿರು ತೊಟ್ಟು ತೆಗೆದು, ಬಿಸಿನೀರಿಗೆ ಹಾಕಿ ಐದು ನಿಮಿಷ ಮುಚ್ಚಿಡಿ. ಕಡು ನೀಲಿ ಬರುತ್ತದೆ. ಈಗ ಅವಳ ಕೈಯಲ್ಲೇ ನಾಲ್ಕು ಹನಿ ನಿಂಬೆರಸ ಬಿಡಿಸಿ. ನೀಲಿ ಹೋಗಿ ನೇರಳೆ, ಇನ್ನಷ್ಟು ಬಿಟ್ಟರೆ ಗುಲಾಬಿ. ಹೂವಿನಲ್ಲಿರುವ ಆಂಥೋಸಯಾನಿನ್ ಅನ್ನುವ ಬಣ್ಣ ಹುಳಿಗೆ ಹೀಗೆ ತಿರುಗುತ್ತದೆ. ಇನ್ನೊಂದು ಲೋಟಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಸಿರಿಗೆ ತಿರುಗುತ್ತದೆ (ಇದನ್ನು ಕುಡಿಸಬೇಡಿ, ನೋಡಲಿಕ್ಕೆ ಮಾತ್ರ). ಕುಡಿಯುವ ಲೋಟಕ್ಕೆ ಒಂದೆರಡು ಹೂವು ಸಾಕು. ರುಚಿ ಅಂತ ಏನೂ ಇಲ್ಲ ಇದಕ್ಕೆ, ಹುಲ್ಲಿನ ನೀರಿನ ಥರ. ಅದಕ್ಕೇ ಮೇಲೆ ಹೇಳಿದ ಮಜ್ಜಿಗೆಹುಲ್ಲಿನ ಜೊತೆ ಸೇರಿಸಿ. ಎಲ್ಲಿಂದಲೋ ಕಿತ್ತ ಹೂವು ಬೇಡ, ರಸ್ತೆ ಪಕ್ಕದ್ದಂತೂ ಬೇಡವೇ ಬೇಡ.

ಮೈಸೂರು_ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್! ಭಾನುವಾರದ ವರದಿ ಒಪ್ಪಿಸುತ್ತಿದ್ದೇನೆ, ಸ್ವಲ್ಪ ಉದ್ದ ಇದೆ.

ಹೂವಿನ ಆಟ ಸೂಪರ್ ಹಿಟ್. ಮನೆಯ ಅಷ್ಟೂ ಲೋಟ ಕೆಳಗಿಳಿದವು. ಅತ್ತೆಯ ಪೂಜೆ ಬುಟ್ಟಿಯ ಹೂವು ಮಾಯ, ಶಿವನಿಗೆ ಅವತ್ತು ಬರೀ ಬಿಲ್ವಪತ್ರೆ. ಮಗಳು ನೆಂಟರು ಬಂದ ಹಾಗೆ ಎಲ್ಲರಿಗೂ "ನಿಮಗೆ ನೀಲಿನಾ ಪಿಂಕಾ?" ಅಂತ ಕೇಳಿ ಕೇಳಿ ಕೊಟ್ಟಳು. ಅವರಪ್ಪ ಮೂರು ಲೋಟ ಕುಡಿಯಬೇಕಾಯಿತು.

ಅಲ್ಲಿಗೇ ನಿಲ್ಲಿಸಬೇಕಿತ್ತು ನಾನು. "ಅಮ್ಮ, ಕೇಕೂ ನೀಲಿ ಮಾಡೋಣ" ಅಂದಳು. ನಾನೂ ಹುರುಪಿನಲ್ಲಿ ಬಾಳೆಹಣ್ಣಿನ ಕೇಕಿಗೆ ಅರ್ಧ ಕಪ್ ನೀಲಿ ನೀರು ಸುರಿದೆ. ಎರಡು ಪಚ್ಚಬಾಳೆ, ಒಂದು ಕಪ್ ಗೋಧಿಹಿಟ್ಟು, ಅರ್ಧ ಕಪ್ ಬೆಲ್ಲ, ಎಣ್ಣೆ, ಒಂದು ಚಮಚ ಸೋಡಾ. ಬಾಳೆಹಣ್ಣು ಕಿವುಚಿದ್ದೆಲ್ಲ ಅವಳೇ, ಮೊಣಕೈವರೆಗೂ. ಕಲಸುವಾಗಲೇ ಬಣ್ಣ ಏನೋ ಸರಿ ಇರಲಿಲ್ಲ. ನಲವತ್ತು ನಿಮಿಷ ಆದ ಮೇಲೆ ಹೊರಗೆ ಬಂದದ್ದು ಪಾಚಿ ಕಟ್ಟಿದ ಕಲ್ಲು! ಬೂದುಹಸಿರು, ನಡುವೆ ಹಳ್ಳ ಬಿದ್ದಿತ್ತು, ತಿಂದರೆ ಸೋಪಿನ ರುಚಿ. ಮಗಳು ಅತ್ತಳು. ಅತ್ತೆ ಮಾತ್ರ ಒಂದು ತುಂಡು ಪೂರ್ತಿ ತಿಂದು "ಚೆನ್ನಾಗಿದೆ ಪುಟ್ಟಿ" ಅಂದರು, ಅವರ ಧೈರ್ಯಕ್ಕೆ ನಮಸ್ಕಾರ. ಏನು ತಪ್ಪಾಯಿತು ಹೇಳಿ.

ಕೆಮಿಸ್ಟ್ರಿ_ಮೇಷ್ಟ್ರು:
ನಾನು ಹೇಳಿದ ಎರಡನೇ ಲೋಟವನ್ನೇ ನೀವು ಕೇಕಿನಲ್ಲಿ ಮಾಡಿದ್ದೀರಿ! ಸೋಡಾ ಕ್ಷಾರ, ಕ್ಷಾರಕ್ಕೆ ಈ ಬಣ್ಣ ಹಸಿರಾಗುತ್ತದೆ, ಅದಕ್ಕೆ ಗೋಧಿ ಬೆಲ್ಲದ ಕಂದು ಸೇರಿತು. ಸೋಪಿನ ರುಚಿಯೂ ಅದರದ್ದೇ. ಸೋಡಾ ಕೆಲಸ ಮಾಡಲು ಜೊತೆಗೆ ಮೊಸರು, ನಿಂಬೆ ಥರ ಹುಳಿ ಬೇಕು, ಆಗ ಗುಳ್ಳೆ ಬಂದು ಕೇಕ್ ಉಬ್ಬುತ್ತದೆ. ಒಂದು ಕಪ್ ಹಿಟ್ಟಿಗೆ ಒಂದು ಚಮಚ ತುಂಬಾ ಜಾಸ್ತಿ, ಹುಳಿಯೂ ಸಾಲದು, ಹಾಗಾಗಿ ಉಳಿದ ಸೋಡಾ ಬಾಯಿಗೆ ಸಿಕ್ಕಿತು. ಅರ್ಧ ಚಮಚ ಸೋಡಾ, ಕಾಲು ಕಪ್ ಮೊಸರು ಹಾಕಿ ನೋಡಿ. ಬೇಕಿಂಗ್ ಪೌಡರ್ ಅಂದರೆ ಸೋಡಾದ ಜೊತೆ ಒಣಹುಳಿ ಮೊದಲೇ ಬೆರೆಸಿದ್ದು, ಅದಕ್ಕೇ ಅದೂ ಇದೂ ಒಂದೇ ಅಲ್ಲ. ಮಗುವಿಗೆ ಬೇಜಾರಾಗಿದ್ದರೆ ಒಂದು ಚಮಚ ಸೋಡಾಗೆ ನಿಂಬೆ ಹಿಂಡಿಸಿ, ನೊರೆ ಉಕ್ಕುವುದನ್ನು ತೋರಿಸಿ, "ಕೇಕಿನ ಒಳಗೆ ಇದೇ ಆಗೋದು" ಅನ್ನಿ.

ನ್ಯೂಜೆರ್ಸಿ_ಕನ್ನಡತಿ:
ಅಯ್ಯೋ ಪಾಪ ಪುಟ್ಟಿ! ನೀಲಿ ಕೇಕಿನ ಒಳಗೆ ಬೇಡ, ಮೇಲೆ ಇರಲಿ. ಕೇಕ್ ಮಾಮೂಲಾಗಿ ಮಾಡಿ ಪೂರ್ತಿ ಆರಿಸಿ. ಅರ್ಧ ಕಪ್ ಐಸಿಂಗ್ ಸಕ್ಕರೆಗೆ ಎರಡು ಮೂರು ಸಣ್ಣ ಚಮಚ ಗಟ್ಟಿ ಶಂಖಪುಷ್ಪದ ನೀರು ಹಾಕಿ ಕಲಸಿದರೆ ತಿಳಿನೀಲಿ ಪಾಕ. ಇನ್ನೊಂದು ಬಟ್ಟಲಲ್ಲಿ ಅದಕ್ಕೇ ನಿಂಬೆ ಬಿಟ್ಟರೆ ಗುಲಾಬಿ. ಮಗು ಚಮಚದಲ್ಲಿ ಚೆಲ್ಲಾಡಲಿ. ಬಿಸಿ ಕೇಕಿನ ಮೇಲೆ ಹಾಕಬೇಡಿ, ಕರಗಿ ಹರಿದುಹೋಗುತ್ತದೆ. ಇಲ್ಲಿನ, ಅಂದರೆ ಅಮೆರಿಕದ ರೆಸಿಪಿ ನೋಡಿ ಮಾಡುವವರಿಗೆ ಒಂದು ಮಾತು, 350 ಅಂತ ಬರೆದಿದ್ದರೆ ಅದು ಫ್ಯಾರನ್‌ಹೀಟ್, ನಮ್ಮ ಓಟಿಜಿಯಲ್ಲಿ ಸುಮಾರು 180. ನನ್ನ ತಂಗಿ ಬೆಂಗಳೂರಿನಲ್ಲಿ ಮುಳ್ಳನ್ನು ಕೊನೆವರೆಗೂ ತಿರುಗಿಸಿ "ಅಕ್ಕಾ, 350 ಇಲ್ಲವೇ ಇಲ್ಲ ಇದರಲ್ಲಿ" ಅಂತ ಫೋನ್ ಮಾಡಿದ್ದಳು.

ನನ್ನ ಮಗಳಿಗೆ ನಾನು ಕೊಡುವುದು ರೂಯ್‌ಬಾಸ್. ದಕ್ಷಿಣ ಆಫ್ರಿಕಾದ ಗಿಡ, ಕೆಫೀನ್ ಇಲ್ಲ, ಹಾಲು ಹಾಕಿದರೆ ಅಸಲಿ ಟೀ ಬಣ್ಣ. ಏಲಕ್ಕಿ ಕುಟ್ಟಿ ಹಾಕಿದರೆ ನನ್ನ ಅಮ್ಮನಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಊರಲ್ಲಿ ಬೆಲೆ ಜಾಸ್ತಿ, ಕಷಾಯ ಸಿಗುವವರಿಗೆ ಇದು ಬೇಕಾಗಿಲ್ಲ ಬಿಡಿ.

ಟೀ_ಅಂದ್ರೆ_ಟೀ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹೂವಿನ ನೀರು, ಹುಲ್ಲಿನ ನೀರು ಇದಕ್ಕೆಲ್ಲ ಟೀ ಅನ್ನಬೇಡಿ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಕೂಡ 2025ರ ಡಿಸೆಂಬರಿನಲ್ಲಿ ಇದನ್ನೇ ಹೇಳಿದೆ, ಕಮೆಲಿಯಾ ಸೈನೆನ್ಸಿಸ್, ಅಂದರೆ ಅಸಲಿ ಟೀ ಗಿಡದಿಂದ ಬಂದದ್ದಕ್ಕೆ ಮಾತ್ರ ಡಬ್ಬದ ಮೇಲೆ ಟೀ ಅಂತ ಬರೆಯಬೇಕು. ನಾನು ಚಿಕ್ಕಮಗಳೂರು ಕಡೆಯವನು, ಕಾಫಿ ನಾಡಿನಲ್ಲೇ ಬೆಳೆಯುವ ಕೆಳಗೂರು ಟೀ ಕುಡಿದು ಬೆಳೆದವನು, ನನಗೆ ಈ ವಿಷಯದಲ್ಲಿ ಸ್ವಲ್ಪ ಸಿಟ್ಟು ಬೇಗ ಬರುತ್ತದೆ.

ಶಿರಸಿ_ಅಜ್ಜಿಮನೆ:
ನಾವು ಮೊದಲಿಂದಲೂ ಕಷಾಯ ಅಂತಲೇ ಅಂದದ್ದು ಸರ್. ನಮ್ಮ ಮೇಲೆ ಸಿಟ್ಟು ಬೇಡ.

ಊಟದ_ಲೆಕ್ಕ:
ಟೀ ಸರ್ ಹೇಳಿದ್ದು ಮಗುವಿನ ಅಮ್ಮಂದಿರಿಗೆ ಉಪಯೋಗವೇ. ಡಬ್ಬದ ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ಟೀ ಅಂತ ಇದ್ದರೆ ಕೆಫೀನ್ ಇದೆ ಅಂತ ಅರ್ಥ. ಇನ್ನೆರಡು ಸಣ್ಣ ವಿಷಯ. ಹಸಿ ಹಿಟ್ಟನ್ನು ನೆಕ್ಕಲು ಬಿಡಬೇಡಿ, ಮೊಟ್ಟೆ ಹಾಕದಿದ್ದರೂ ಬೇಡ, ಹಸಿ ಹಿಟ್ಟಿನಲ್ಲೂ ರೋಗಾಣು ಇರಬಹುದು. ಮನೆಯಲ್ಲಿ ಒಂದು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಜೇನುತುಪ್ಪ ಹಾಕಿದ್ದು ಏನೂ ಬೇಡ.

ಬಸವನಗುಡಿ_ಬೇಕರಿಪ್ರಿಯೆ:
ಎಲ್ಲರೂ ಸಿಹಿ ಸಿಹಿ ಅನ್ನುತ್ತಿದ್ದೀರಿ. ಟೀಗೆ ಖಾರ ಬಿಸ್ಕತ್ತು ಬಿಟ್ಟರೆ ಇನ್ನೇನಿದೆ ಹೇಳಿ! ಅಯ್ಯಂಗಾರ್ ಬೇಕರಿ ಮುಂದೆ ಹೋದರೆ ಮೂಗೇ ಕರೆದುಕೊಂಡು ಹೋಗುತ್ತದಲ್ಲ, ಆ ಘಮ ಮನೆಯಲ್ಲೇ ಬರುತ್ತದೆ. ಒಂದು ಕಪ್ ಮೈದಾ, ಕಾಲು ಕಪ್ ಬೆಣ್ಣೆ, ಒಂದು ಚಮಚ ಸಕ್ಕರೆ, ಉಪ್ಪು, ಅರ್ಧ ಚಮಚ ಬೇಕಿಂಗ್ ಪೌಡರ್, ಸಣ್ಣಗೆ ಹೆಚ್ಚಿದ ಕರಿಬೇವು ಕೊತ್ತಂಬರಿ, ಎರಡು ಚಮಚ ಮೊಸರು. ಮಗುವಿನ ಪಾಲು ತೆಗೆದಿಟ್ಟು ಉಳಿದದ್ದಕ್ಕೆ ಹಸಿಮೆಣಸಿನಕಾಯಿ. ಜಾಸ್ತಿ ನಾದಬೇಡಿ, ಗಟ್ಟಿಯಾಗುತ್ತದೆ. ಸ್ವಲ್ಪ ದಪ್ಪಗೆ ಲಟ್ಟಿಸಿ, ಬಾಟಲಿ ಮುಚ್ಚಳ ಕೊಟ್ಟು ಅವಳಿಗೆ ಕತ್ತರಿಸಲು ಹೇಳಿ, ಫೋರ್ಕಿನಲ್ಲಿ ಚುಚ್ಚಲಿ. 170 ಡಿಗ್ರಿ, ಹದಿನೆಂಟು ಇಪ್ಪತ್ತು ನಿಮಿಷ, ಅಂಚು ಕೆಂಪಾದರೆ ಸಾಕು.

ಮೈಸೂರು_ಅಮ್ಮ:
ಎರಡನೇ ಭಾನುವಾರ. ಮೊಸರು ಹಾಕಿದ ಬಾಳೆಹಣ್ಣಿನ ಕೇಕ್ ಉಬ್ಬಿತು! ಕಡ್ಡಿ ಚುಚ್ಚಿದರೆ ಒಣಗಿ ಬಂತು. ಮೇಲೆ ನೀಲಿ ಪಾಕ, ಅದರ ಮೇಲೆ ಗುಲಾಬಿ, ನೆಲದ ಮೇಲೂ ಗುಲಾಬಿ. ಖಾರ ಬಿಸ್ಕತ್ತಿಗೆ ಫೋರ್ಕ್ ಕೊಟ್ಟದ್ದೇ ತಪ್ಪಾಯಿತು, ಒಂದೊಂದಕ್ಕೆ ಐವತ್ತು ತೂತು, ಜರಡಿ ಥರ. ಆದರೆ ಗರಿಗರಿ ಚೆನ್ನಾಗಿ ಬಂದಿದೆ. ಅತ್ತೆ ಶಿರಸಿ ಅಕ್ಕನ ಕಷಾಯದ ಪುಡಿಗೆ ಜಾಯಿಕಾಯಿಯೂ ಸೇರಿಸಿ ಒಂದು ಡಬ್ಬ ಮಾಡಿ "ಪುಟ್ಟಿ ಟೀ" ಅಂತ ಚೀಟಿ ಅಂಟಿಸಿದ್ದಾರೆ (ಟೀ ಸರ್, ಮನೆಯ ಡಬ್ಬ, ಬಿಟ್ಟುಬಿಡಿ). ಧಾರವಾಡದ ಸರ್ ಹೇಳಿದ ಹಾಗೆ ಬಸಿಯಲ್ಲೇ ಕುಡಿಯುತ್ತಾಳೆ, ಸೊರ್ ಅಂತ ಸದ್ದು ಮಾಡಿಕೊಂಡು.

ಧಾರವಾಡದಾಂವ:
ಭೇಷ್! ಸದ್ದು ಬಂದ್ರನ ಅದು ಚಹಾ.

ಹೊಸದಾಗಿ_ಬಂದೆ:
ಮೇಷ್ಟ್ರೇ, ನಮ್ಮನೆ ಬಳ್ಳಿಯಲ್ಲಿ ಬಿಳಿ ಶಂಖಪುಷ್ಪ ಬಿಡುತ್ತದೆ. ಅದು ಆಗುತ್ತಾ?

ಕೆಮಿಸ್ಟ್ರಿ_ಮೇಷ್ಟ್ರು:
ಆಗಲ್ಲ, ಬಿಳಿಯಲ್ಲಿ ಆ ಬಣ್ಣವೇ ಇಲ್ಲ. ನೀಲಿ ಬಳ್ಳಿಯ ಒಣಗಿದ ಕಾಯಿ ಯಾರ ಮನೆಯಲ್ಲಾದರೂ ಕೇಳಿ ಇಸ್ಕೊಳ್ಳಿ. ಬೀಜವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಬಿಸಿಲು ಬೀಳುವ ಕಡೆ ಊರಿ. ಬೀಜ ಮಗುವಿನ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ, ಅದು ತಿನ್ನುವಂಥದ್ದಲ್ಲ.